ಬಿದ್ದ ಹಲಸಿನ ಮರವನ್ನು ತೋಟದಲ್ಲೇ ಹಲಗೆ ಮಾಡುವುದು ಹೇಗೆ

ಮಳೆಗಾಲದ ಗಾಳಿಗೆ ತೋಟದ ಅಂಚಿನ ಹಲಸಿನ ಮರ ಬುಡಸಮೇತ ಮಗುಚಿತು ಅಂದುಕೊಳ್ಳಿ. ಮಲೆನಾಡಿನಲ್ಲಿ ಇದು ವರ್ಷವೂ ಇದ್ದದ್ದೇ. ಅದನ್ನು ಪೇಟೆಯ ಸಾ ಮಿಲ್ಲಿಗೆ ಒಯ್ಯಬೇಕೆಂದರೆ ಲಾರಿ ಬರುವ ದಾರಿ ಬೇಕು, ದಿಮ್ಮಿ ಎತ್ತಲು ಏಳೆಂಟು ಜನ ಬೇಕು, ಸಾಗಿಸಲು ಪಾಸ್ ಬೇಕು, ಇಷ್ಟೆಲ್ಲ ಯಾರು ಮಾಡುತ್ತಾರೆ ಅಂತ ಕೊನೆಗೆ ಒಳ್ಳೆಯ ಕೆಚ್ಚಿರುವ ಮರ ಬಚ್ಚಲೊಲೆಗೆ ಹೋಗುತ್ತದೆ. ವೀಣೆ, ಮೃದಂಗ ಮಾಡುವ ಮರ ಇದು. ಒಲೆಗೆ ಹಾಕಲು ಮನಸ್ಸು ಬರುವುದಿಲ್ಲ ಅಲ್ವಾ?

ದಿಮ್ಮಿಯನ್ನು ಮಿಲ್ಲಿಗೆ ಒಯ್ಯುವ ಬದಲು ಮಿಲ್ಲನ್ನೇ ದಿಮ್ಮಿ ಹತ್ತಿರ ತರಬಹುದು. ಇದೇನೂ ಹೊಸ ಉಪಾಯ ಅಲ್ಲ. ಮೊದಲು ಗರಗಸದವರು ಊರಿಗೇ ಬರುತ್ತಿದ್ದರು, ದಿಮ್ಮಿಯನ್ನು ಅಟ್ಟಣಿಗೆಗೆ ಏರಿಸಿ ಮೇಲೊಬ್ಬ, ಕೆಳಗೊಬ್ಬ ನಿಂತು ದಿನಗಟ್ಟಲೆ ಎಳೆಯುತ್ತಿದ್ದರು. ಈಗ ಅದೇ ಕೆಲಸಕ್ಕೆ ಚೈನ್ ಸಾ ಮತ್ತು ಅದರ ಬಾರ್‌ಗೆ, ಅಂದರೆ ಚೈನ್ ಸುತ್ತುವ ಉದ್ದನೆಯ ಪಟ್ಟಿಗೆ, ಕಟ್ಟುವ ಒಂದು ಕಬ್ಬಿಣದ ಫ್ರೇಮ್ ಸಾಕು.

ಯಂತ್ರಕ್ಕೆ ಕೈ ಹಾಕುವ ಮೊದಲು ಅರಣ್ಯ ಇಲಾಖೆಯ ಕಚೇರಿಗೆ ಹೋಗಿ ಬನ್ನಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಸ್ವಂತ ಜಮೀನಿನ ಮರ ಕಡಿಯಲಿಕ್ಕೂ ಸಾಮಾನ್ಯವಾಗಿ ಅನುಮತಿ ಬೇಕು. ಸಿಲ್ವರ್ ಓಕ್, ನೀಲಗಿರಿ, ತೆಂಗಿನಂಥ ಕೆಲವಕ್ಕೆ ವಿನಾಯಿತಿ ಇದೆ. ಮರ ತಾನೇ ಬಿದ್ದದ್ದಾದರೂ ಫೋಟೋ ತೆಗೆದಿಟ್ಟು, ಒಂದು ಅರ್ಜಿ ಬರೆದು ತಿಳಿಸಿಬಿಡುವುದು ಒಳ್ಳೆಯದು. ಇನ್ನೊಂದು ವಿಷಯ ಜಾಸ್ತಿ ಜನ ಗಮನಿಸುವುದಿಲ್ಲ: ಮರ ಕೊಯ್ಯುವ ಯಂತ್ರಕ್ಕೂ ಕಾನೂನಿದೆ. 2002ರಲ್ಲಿ ಸುಪ್ರೀಂ ಕೋರ್ಟ್ ತಾನು ನೇಮಿಸಿದ ಸಮಿತಿಯ ಒಪ್ಪಿಗೆ ಇಲ್ಲದೆ ಯಾವ ರಾಜ್ಯವೂ ಹೊಸ ಸಾ ಮಿಲ್ಲಿಗೆ ಅನುಮತಿ ಕೊಡಬಾರದು ಅಂತ ಹೇಳಿತು. ಮರದ ಉದ್ಯಮಗಳಿಗೆ 2016ರಲ್ಲಿ ಕೇಂದ್ರ ಸರ್ಕಾರ ಬೇರೆ ಮಾರ್ಗಸೂಚಿ ತಂದಿತು. ಹಾಗಾಗಿ ನಿಮ್ಮ ಮರವನ್ನು ನಿಮ್ಮ ಮನೆಗೆ ಕೊಯ್ಯುವುದಕ್ಕೂ ಮೊದಲೇ ಕೇಳಿಕೊಳ್ಳಿ. ಬಾಡಿಗೆಗೆ ಊರವರ ಮರ ಕೊಯ್ದುಕೊಡುವ ಯೋಚನೆ ಇದ್ದರಂತೂ ಲೈಸೆನ್ಸ್ ಮಾತು ಮುಗಿಯದೆ ಯಂತ್ರ ಖರೀದಿಸಬೇಡಿ. ಬೀಟೆ, ಸಾಗುವಾನಿ, ಶ್ರೀಗಂಧದ ತಂಟೆಗಂತೂ ಸುಮ್ನೆ ಹೋಗಬೇಡಿ.

ಯಾವ ಯಂತ್ರ? ಎರಡು ಬಗೆ ಇದೆ. ಒಂದು ಚೈನ್ ಸಾಗೆ ಕಟ್ಟುವ ಫ್ರೇಮ್. ಇನ್ನೊಂದು ಹಳಿಯ ಮೇಲೆ ಓಡುವ ಬ್ಯಾಂಡ್ ಸಾ ಮಿಲ್, ಇದರಲ್ಲಿ ಕೊಯ್ಯುವುದು ಬಳೆಯಂತೆ ಸುತ್ತುವ ತೆಳು ಬ್ಲೇಡು, ಇದನ್ನು ಗಾಡಿಗೆ ಕಟ್ಟಿ ಎಳೆದುಕೊಂಡು ಹೋಗಬಹುದು. ಇವೆರಡರ ದೊಡ್ಡ ವ್ಯತ್ಯಾಸ ಪುಡಿಯಾಗಿ ಹೋಗುವ ಮರದಲ್ಲಿದೆ. ಚೈನ್ ಒಂದು ಸಲ ಹಾದರೆ ಸುಮಾರು 9 ಮಿ.ಮೀ. ಮರ ಪುಡಿಯಾಗುತ್ತದೆ, ಬ್ಯಾಂಡ್ ಬ್ಲೇಡಿನಲ್ಲಿ ಸುಮಾರು 2 ಮಿ.ಮೀ. ಮಾತ್ರ. 12 ಇಂಚು ದಪ್ಪದ ಚೌಕದಿಂದ ಒಂದೊಂದು ಇಂಚಿನ ಹಲಗೆ ತೆಗೆದರೆ ಬ್ಯಾಂಡಿನಲ್ಲಿ 11 ಸಿಗುತ್ತವೆ, ಚೈನಿನಲ್ಲಿ 9. ಎರಡು ಹಲಗೆ ಕಡಿಮೆ. ಆದರೂ ವರ್ಷಕ್ಕೊಂದು ಮರ ಬೀಳುವ ಮನೆಗೆ ಚೈನ್ ಸಾ ಫ್ರೇಮೇ ಸರಿ ಅಂತ ನನ್ನ ಅಭಿಪ್ರಾಯ. ಬ್ಯಾಂಡ್ ಮಿಲ್ಲಿಗೆ ಕೊಡುವ ದುಡ್ಡಿಗೆ ಎಷ್ಟು ಹಲಗೆ ಬರುತ್ತದೆ ಲೆಕ್ಕ ಹಾಕಿ. ಜೊತೆಗೆ ಫ್ರೇಮನ್ನು ಹೆಗಲಿಗೆ ಹಾಕಿಕೊಂಡು ಹಳ್ಳ ದಾಟಬಹುದು, ಬ್ಯಾಂಡ್ ಮಿಲ್ಲನ್ನು ಹಾಗೆ ಒಯ್ಯಲು ಆಗುವುದಿಲ್ಲ.

ಸಣ್ಣ ಚೈನ್ ಸಾದಲ್ಲಿ ಈ ಕೆಲಸ ಬೇಡ. ಗಟ್ಟಿ ಮರ ಉದ್ದಕ್ಕೆ ಸೀಳಲು 70 ಸಿಸಿ ಆಸುಪಾಸಿನ ಇಂಜಿನ್, 24 ಇಂಚಿನ ಬಾರ್ ಇರಲಿ. ಫ್ರೇಮ್ ಕಟ್ಟಿದ ಮೇಲೆ ಬಾರ್‌ನಲ್ಲಿ ಮೂರ್ನಾಲ್ಕು ಇಂಚು ಕಡಿಮೆಯಾಗುತ್ತದೆ, ಅದು ನೆನಪಿರಲಿ. ಚೈನ್ ಕೂಡ ಬೇರೆ. ಅಂಗಡಿಯಲ್ಲಿ ಸಿಗುವ ಮಾಮೂಲಿ ಚೈನಿನ ಹಲ್ಲು 25-30 ಡಿಗ್ರಿ ಓರೆಗೆ ಇರುತ್ತದೆ, ಅದು ಅಡ್ಡ ಕಡಿಯಲಿಕ್ಕೆ. ಉದ್ದಕ್ಕೆ ಸೀಳಲು 10 ಡಿಗ್ರಿ ಬೇಕು. ರಿಪ್ಪಿಂಗ್ ಚೈನ್ ಅಂತ ಕೇಳಿ. ಸಿಗದಿದ್ದರೆ ಹಳೆ ಚೈನನ್ನೇ ಅರದಿಂದ ನಿಧಾನಕ್ಕೆ 10 ಡಿಗ್ರಿಗೆ ತಂದುಕೊಳ್ಳಬಹುದು, ಮೂರು ನಾಲ್ಕು ಸಲ ಅರ ಹಿಡಿಯುವಷ್ಟರಲ್ಲಿ ಆಗಿಬಿಡುತ್ತದೆ.

ಈಗ ಮರ. ಬುಡಸಮೇತ ಬಿದ್ದ ಮರ ಕಡಿಯುವಾಗ ಬಹಳ ಜಾಗ್ರತೆ. ಕಾಂಡ ತುಂಡಾದ ಕೂಡಲೇ ಆ ಬೇರಿನ ಗಡ್ಡೆ ಮಣ್ಣುಸಮೇತ ಧಡಾರನೆ ಗುಂಡಿಗೆ ವಾಪಸ್ ಕೂರಬಹುದು. ಬೇರಿನ ಹಿಂದೆ, ಗುಂಡಿಯಲ್ಲಿ ಯಾರೂ ಇರಬಾರದು, ಮಕ್ಕಳು, ನಾಯಿ, ಯಾರೂ. ಬಾಗಿ ನಿಂತ ಕೊಂಬೆಗಳೂ ಹಾಗೆಯೇ, ಬಿಗಿ ಎಲ್ಲಿದೆ ನೋಡಿಕೊಂಡು ಕಡಿಯಿರಿ. ಅನುಭವ ಇಲ್ಲದಿದ್ದರೆ ಈ ಒಂದು ಕೆಲಸಕ್ಕೆ ಗೊತ್ತಿರುವವರನ್ನು ಕರೆಯಿರಿ.

ದಿಮ್ಮಿಯ ಉದ್ದ ನಿಮಗೆ ಬೇಕಾದದ್ದಕ್ಕಿಂತ ಅರ್ಧ ಅಡಿ ಜಾಸ್ತಿ ಇರಲಿ. ಬಾಗಿಲಿಗೆ ಏಳು ಅಡಿ ಬೇಕಾದರೆ ಏಳೂವರೆ. ತುಂಡು ಮಾಡಿದ ದಿನವೇ ಎರಡೂ ತುದಿಗೆ ಹಳೆ ಪೇಂಟನ್ನೋ ಕರಗಿಸಿದ ಮೇಣವನ್ನೋ ದಪ್ಪಗೆ ಬಳಿಯಿರಿ. ಮರದ ನೀರು ಬದಿಗಿಂತ ತುದಿಯಿಂದ ಬೇಗ ಆರುತ್ತದೆ, ತುದಿ ಮೊದಲು ಕುಗ್ಗುತ್ತದೆ, ಸೀಳು ಬಿಡುತ್ತದೆ. ನಾನು ಮೊದಲ ದಿಮ್ಮಿಗೆ ಏನೂ ಬಳಿಯಲಿಲ್ಲ. ಅಡಿಕೆ ಕೊಯ್ಲು ಮುಗಿಯಲಿ ಅಂತ ಎರಡು ತಿಂಗಳು ಬಿಸಿಲಲ್ಲಿ ಬಿಟ್ಟೆ. ಒಂದೊಂದು ತುದಿಯಲ್ಲಿ ಒಂದು ಅಡಿಗೂ ಜಾಸ್ತಿ ಸೀಳು. ಎಂಟಡಿ ದಿಮ್ಮಿಯಲ್ಲಿ ಆರಡಿಯೂ ಸರಿಯಾಗಿ ಉಳಿಯಲಿಲ್ಲ, ಉಳಿದದ್ದಕ್ಕೆ ಕುಟ್ಟೆ (ಮರ ಕೊರೆಯುವ ಹುಳ) ಬಂದಿತ್ತು.

ಬೇಲಿ ಬದಿಯ ಮರವಾದರೆ ಒಳಗೆ ಮುಳ್ಳುತಂತಿ ಇದ್ದೇ ಇರುತ್ತದೆ, ಮರ ಅದನ್ನು ನುಂಗಿಬಿಟ್ಟಿರುತ್ತದೆ. ಅಂಗಳದ ಮರವಾದರೆ ಬಟ್ಟೆ ಹಗ್ಗದ ಮೊಳೆ, ಉಯ್ಯಾಲೆಯ ಕೊಕ್ಕೆ. ಮೊಳೆ ಇದ್ದ ಕಡೆ ತುದಿಯಲ್ಲಿ ನೀಲಿ-ಕಪ್ಪು ಗೆರೆ ಕಾಣುತ್ತದೆ. ಅದು ಕಂಡರೆ ಬುಡದ ಆ ನಾಲ್ಕೈದು ಅಡಿಯ ಆಸೆ ಬಿಡಿ. ಒಂದು ಮೊಳೆಗೆ ಇಡೀ ಚೈನು ಬೋಳಾಗುತ್ತದೆ. ತೊಗಟೆಯನ್ನು ಕತ್ತಿಯಲ್ಲಿ ಕೆತ್ತಿ ತೆಗೆಯಿರಿ, ಅದರಲ್ಲಿ ಸೇರಿಕೊಂಡ ಮಣ್ಣೂ ಮರಳೂ ಚೈನಿಗೆ ಮೊಳೆಯಷ್ಟೇ ಕೆಟ್ಟದ್ದು. ಹಲಸಿನ ಮೇಣಕ್ಕೆ ಕೈಗೆ ಕೊಬ್ಬರಿ ಎಣ್ಣೆ, ಬಾರ್‌ಗೆ ಸೀಮೆಎಣ್ಣೆಯೋ ಡೀಸೆಲ್ಲೋ ಸವರಿದ ಬಟ್ಟೆ.

ಎಷ್ಟು ಮರ ಇದೆ ಅಂತ ತಿಳಿಯಲು ಹಳೆ ಲೆಕ್ಕವೇ ಸಾಕು. ದಿಮ್ಮಿಯ ನಡುವಿನ ಸುತ್ತಳತೆಯನ್ನು ಇಂಚಿನಲ್ಲಿ ತೆಗೆದು ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಅಡಿ ಲೆಕ್ಕದ ಉದ್ದದಿಂದ ಗುಣಿಸಿ, 144ರಿಂದ ಭಾಗಿಸಿ. 60 ಇಂಚು ಸುತ್ತಳತೆ, 8 ಅಡಿ ಉದ್ದ ಅಂದರೆ 12.5 ಸಿಎಫ್‌ಟಿ (ಘನ ಅಡಿ). ಅಷ್ಟೂ ಹಲಗೆಯಾಗಿ ಬರುವುದಿಲ್ಲ, ಹೊರಗಿನ ಬಿಳಿ ಭಾಗ, ಗಂಟು, ಪುಡಿ ಎಲ್ಲ ಕಳೆದು ಅರ್ಧದ ಆಚೀಚೆ ಸಿಕ್ಕರೆ ಖುಷಿಪಡಿ.

ದಿಮ್ಮಿಯನ್ನು ನೆಲದಿಂದ ಒಂದು ಅಡಿ ಮೇಲೆ ಎರಡು ಅಡ್ಡ ತುಂಡುಗಳ ಮೇಲೆ ಕೂರಿಸಿ, ಎರಡೂ ಬದಿ ಬೆಣೆ ಹೊಡೆಯಿರಿ. ಕೊಯ್ಯುವ ದಿಕ್ಕಿನ ಕಡೆ ಸ್ವಲ್ಪ ಇಳಿಜಾರು ಇದ್ದರೆ ಯಂತ್ರದ ಭಾರವೇ ಅದನ್ನು ಮುಂದೆ ಎಳೆಯುತ್ತದೆ, ನಿಮ್ಮ ಸೊಂಟ ಉಳಿಯುತ್ತದೆ. ಬುಡದ ಕಡೆ ದಪ್ಪ, ತಲೆ ಕಡೆ ಸಣ್ಣ ಇರುವುದರಿಂದ, ನಡುವಿನ ತಿರುಳು ಎರಡೂ ತುದಿಯಲ್ಲಿ ಮೊದಲ ಕೊಯ್ತದಿಂದ ಒಂದೇ ದೂರದಲ್ಲಿರುವಂತೆ ಗುರುತು ಹಾಕಿಕೊಳ್ಳಿ. ಎಳೆ ನೇರ ಬರುತ್ತದೆ, ಹಲಗೆ ಕಡಿಮೆ ಸೊಟ್ಟಗಾಗುತ್ತದೆ.

ಮೊದಲ ಕೊಯ್ತವೇ ಎಲ್ಲದಕ್ಕೂ ತಾಯಿ. ಮುಂದಿನ ಪ್ರತಿ ಹಲಗೆಯೂ ಹಿಂದಿನ ಕೊಯ್ತದ ಮೇಲೆ ಫ್ರೇಮ್ ಜಾರಿಸಿ ತೆಗೆಯುವುದು, ಹಾಗಾಗಿ ಮೊದಲನೆಯದು ತಿರುಚಿದರೆ ಹತ್ತನೆಯದೂ ತಿರುಚಿಯೇ ಇರುತ್ತದೆ. ದುಂಡಗಿನ ದಿಮ್ಮಿ ಮೇಲೆ ಫ್ರೇಮ್ ನೇರ ಕೂರುವುದಿಲ್ಲ. ಅಲ್ಯೂಮಿನಿಯಂ ಏಣಿಯನ್ನೋ ನೇರ ಇರುವ ಎರಡು ಹಲಗೆಗಳನ್ನೋ ದಿಮ್ಮಿಯ ಮೇಲೆ ಸ್ಕ್ರೂ ಹಾಕಿ ಬಿಗಿದು, ಆ ಏಣಿಯ ಮೇಲೆ ಫ್ರೇಮ್ ಓಡಿಸಬೇಕು. ಎರಡೂ ತುದಿಯಲ್ಲಿ ಮಟ್ಟಗೋಲು ಇಟ್ಟು ನೋಡಿ, ಉದ್ದಕ್ಕೆ ನೂಲು ಹಿಡಿದು ನೋಡಿ, ಆಮೇಲೆ ಇನ್ನೊಂದು ಸಲ ನೋಡಿ. ಸ್ಕ್ರೂ ತುದಿ ಕೊಯ್ತದ ದಾರಿಗೆ ಬರಬಾರದು! ನಗಬೇಡಿ, ಇದನ್ನೂ ಮಾಡಿದ್ದೇನೆ.

ಇಂಜಿನ್ ಪೂರ್ತಿ ವೇಗದಲ್ಲಿರಲಿ, ಆದರೆ ತಳ್ಳಬೇಡಿ. ಚೈನ್ ಹರಿತವಾಗಿದ್ದರೆ ತಾನೇ ಹೋಗುತ್ತದೆ. ಒಂದೆರಡು ಅಡಿ ಹೋದ ಮೇಲೆ ಹಿಂದಿನ ಸೀಳಿಗೆ ಮರದ ಬೆಣೆ ತೂರಿಸಿ, ಇಲ್ಲದಿದ್ದರೆ ಮೇಲಿನ ಹಲಗೆಯ ಭಾರಕ್ಕೆ ಬಾರ್ ಸಿಕ್ಕಿಹಾಕಿಕೊಳ್ಳುತ್ತದೆ. ಬೆಣೆಯೂ ಮರದ್ದೇ ಇರಲಿ, ಕಬ್ಬಿಣದ್ದು ಬೇಡ. ಬರುವ ಪುಡಿಯನ್ನು ನೋಡುತ್ತಿರಿ. ಹಿಟ್ಟಿನಂತೆ ನುಣ್ಣಗೆ ಬಂದರೆ, ಹೊಗೆ ಬಂದರೆ, ಹಲ್ಲು ಮೊಂಡಾಗಿದೆ. ಒಂದೆರಡು ಕೊಯ್ತಕ್ಕೊಮ್ಮೆ ಅರ ಹಿಡಿಯುವುದು ಸೋಮಾರಿಗಳಿಗೆ ಬೇಜಾರು, ಆದರೆ ಮೊಂಡು ಚೈನಿನಲ್ಲಿ ಅರ್ಧ ಗಂಟೆ ಗುದ್ದಾಡುವುದಕ್ಕಿಂತ ಹತ್ತು ನಿಮಿಷ ಅರ ವಾಸಿ. ಯಂತ್ರ ಒಂದು ಬದಿಗೇ ಎಳೆಯುತ್ತಿದ್ದರೆ ಎಡ-ಬಲದ ಹಲ್ಲು ಒಂದೇ ಸಮ ಇಲ್ಲ ಅಂತ ಅರ್ಥ. ಪ್ರತಿ ಕೊಯ್ತ ಮುಗಿದ ಮೇಲೆ ಇಂಜಿನನ್ನು ಕೂಡಲೇ ಆರಿಸಬೇಡಿ, ಸ್ವಲ್ಪ ಹೊತ್ತು ಸುಮ್ಮನೆ ಓಡಿ ತಣಿಯಲಿ. ಚೈನ್ ಎಣ್ಣೆ ಮಾಮೂಲಿಗಿಂತ ಬೇಗ ಖಾಲಿಯಾಗುತ್ತದೆ.

ಬ್ಯಾಂಡ್ ಮಿಲ್ ಇದ್ದವರಿಗೆ ಬರುವ ತೊಂದರೆ ಬೇರೆ: ಹಲಗೆ ಅಲೆಅಲೆಯಾಗಿ ಬರುತ್ತದೆ. ಬ್ಲೇಡ್ ಮೊಂಡು, ಬಿಗಿ ಸಾಲದು, ಅಥವಾ ಗಂಟಿನ ಹತ್ತಿರ ವೇಗ ಜಾಸ್ತಿ, ಈ ಮೂರರಲ್ಲಿ ಒಂದು. ಬ್ಲೇಡ್ ಮೇಲೆ ನೀರು ಹನಿಯುತ್ತಿರಬೇಕು, ಮೇಣದ ಮರಕ್ಕೆ ಅದು ತೀರಾ ಅಗತ್ಯ.

ಹಲಗೆ ತೆಗೆಯುವ ಕ್ರಮಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಮೇಲಿನಿಂದ ಕೆಳಗೆ ಒಂದೇ ಸಮ ಸೀಳಿಕೊಂಡು ಹೋದರೆ ಸಾಕು. ಆದರೆ ನಡುವಿನ ತಿರುಳು ಇರುವ ಹಲಗೆ ಯಾವತ್ತಿದ್ದರೂ ಸೀಳುತ್ತದೆ, ಅದನ್ನು ದಪ್ಪಗೆ ತೆಗೆದು, ಆಮೇಲೆ ತಿರುಳಿನ ಎರಡು ಇಂಚು ಪಟ್ಟಿ ಕಿತ್ತುಹಾಕಿ. ಅದರ ಆಚೀಚೆ ಉಳಿಯುವ ಎರಡು ಪಟ್ಟಿಗಳೇ ಇಡೀ ಮರದ ಅತ್ಯುತ್ತಮ ಭಾಗ. ಮರ ಒಣಗುವಾಗ ಉಂಗುರದ ಸುತ್ತ ಕುಗ್ಗುವುದು ನಡುವಿನ ಕಡೆಗೆ ಕುಗ್ಗುವುದರ ಸುಮಾರು ಎರಡರಷ್ಟು, ಅದಕ್ಕೇ ಅಂಚಿನ ಹಲಗೆಗಳು ದೋಣಿಯಂತೆ ಬಾಗುತ್ತವೆ, ನಡುವಿನವು ಬಾಗುವುದಿಲ್ಲ. ಬಾಗಿಲು, ದಾರಂದಕ್ಕೆ ನಡುವಿನವನ್ನು ಎತ್ತಿಡಿ. ಕೊನೆಗೆ ಒಂದು ಇಂಚು ಬೇಕಾದರೆ ಕೊಯ್ಯುವಾಗ ಒಂದೂಕಾಲು ಇರಲಿ, ಕುಗ್ಗುವುದಕ್ಕೆ ಮತ್ತು ಬಡಗಿಯ ಉಜ್ಜುಗೊರಡಿಗೆ ಪಾಲು ಬೇಕಲ್ಲ.

ಕಿವಿಗೆ, ಕಣ್ಣಿಗೆ, ಮೂಗಿಗೆ ರಕ್ಷಣೆ ಇಲ್ಲದೆ ಶುರುಮಾಡಬೇಡಿ. ಒಬ್ಬರೇ ಇದ್ದಾಗ ಕೊಯ್ಯಬೇಡಿ. ಪಂಚೆ, ಲುಂಗಿ ಬೇಡವೇ ಬೇಡ.

ಕೊಯ್ದು ಮುಗಿಸಿದ ಸಂಜೆ ಸುಸ್ತಾಗಿರುತ್ತದೆ, ಹಲಗೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟು ನಾಳೆ ನೋಡೋಣ ಅನ್ನಿಸುತ್ತದೆ. ಹಾಗೆ ಮಾಡಿದರೆ ನಮ್ಮ ಹವೆಗೆ ಬೂಷ್ಟು ಹಿಡಿಯಲು ಹೆಚ್ಚು ದಿನ ಬೇಡ. ಅಂದೇ ಪುಡಿ ಗುಡಿಸಿ, ಬಿಳಿ ಭಾಗಕ್ಕೆ ಕುಟ್ಟೆ ಔಷಧ ಹೊಡೆಯಿರಿ. 10 ಲೀಟರ್ ಬಿಸಿನೀರಿಗೆ 300 ಗ್ರಾಂ ಬೋರಾಕ್ಸ್, 200 ಗ್ರಾಂ ಬೋರಿಕ್ ಆಸಿಡ್ ಕರಗಿಸಿ ಹಸಿ ಹಲಗೆಗೆ ಬ್ರಷ್‌ನಲ್ಲಿ ಎರಡು ಸಲ ಹಚ್ಚಿದರೆ ಒಳಕ್ಕೆ ಇಳಿಯುತ್ತದೆ. ಮಳೆ ನೀರು ತಾಗಿದರೆ ತೊಳೆದುಹೋಗುತ್ತದೆ ಅಷ್ಟೇ. ಹಲಸಿನ ಕೆಚ್ಚನ್ನು ಗೆದ್ದಲು ಸುಲಭಕ್ಕೆ ಮುಟ್ಟುವುದಿಲ್ಲ, ಬಿಳಿ ಭಾಗ ಮಾತ್ರ ಹುಳಕ್ಕೆ ಹಬ್ಬದೂಟ. ಅಮಾವಾಸ್ಯೆ ಹತ್ತಿರ ಕಡಿದ ಮರಕ್ಕೆ ಹುಳ ಬರುವುದಿಲ್ಲ ಅಂತ ನಮ್ಮಲ್ಲಿ ಹಿರಿಯರು ಹೇಳುತ್ತಾರೆ. ಗಾಳಿಗೆ ಬೀಳುವ ಮರ ಪಂಚಾಂಗ ನೋಡುವುದಿಲ್ಲವಲ್ಲ, ನಾನು ಬೋರಾಕ್ಸ್ ಹಚ್ಚುತ್ತೇನೆ.

ಪೇರಿಸುವ ಜಾಗ ನೆರಳಲ್ಲಿರಲಿ, ಗಾಳಿ ಆಡಲಿ, ನೆಲದಿಂದ ಒಂದು ಅಡಿ ಮೇಲಿರಲಿ, ಕೆಳಗಿನ ಕಲ್ಲುಗಳು ಒಂದೇ ಮಟ್ಟಕ್ಕಿರಲಿ. ಪ್ರತಿ ಹಲಗೆಯ ಮಧ್ಯೆ ಮುಕ್ಕಾಲು ಇಂಚಿನ ಒಣ ಪಟ್ಟಿಗಳನ್ನು ಒಂದೂವರೆ ಅಡಿಗೊಂದರಂತೆ ಇಡಿ, ಮೇಲಿಂದ ಕೆಳಗಿನವರೆಗೆ ಪಟ್ಟಿಗಳು ಒಂದೇ ಸಾಲಿನಲ್ಲಿ ಬರಬೇಕು. ಕೈಗೆ ಸಿಗುತ್ತದೆ ಅಂತ ಅಡಿಕೆ ದಬ್ಬೆ ಇಡಬೇಡಿ. ದಬ್ಬೆಯ ದಪ್ಪ ಒಂದೇ ಸಮ ಇರುವುದಿಲ್ಲ, ಹಲಗೆ ಅದೇ ಅಲೆಯಲ್ಲಿ ಒಣಗುತ್ತದೆ. ಮೇಲೆ ತಗಡು, ತಗಡಿನ ಮೇಲೆ ನಾಲ್ಕು ಭಾರದ ಕಲ್ಲು. ಬದಿಗಳಿಗೆ ಟಾರ್ಪಾಲು ಸುತ್ತಬೇಡಿ, ಒಳಗೆ ಬೆವರುತ್ತದೆ.

ಒಂದು ಇಂಚಿಗೆ ಒಂದು ವರ್ಷ ಅನ್ನುವುದು ಒಣಗಿಸುವ ಹಳೆ ಲೆಕ್ಕ. ಡಿಸೆಂಬರಿನಲ್ಲಿ ಕೊಯ್ದು ಬೇಸಿಗೆ ಪೂರ್ತಿ ಸಿಕ್ಕರೆ ಬೇಗ ಆಗಬಹುದು, ನಡುವೆ ಮಳೆಗಾಲ ಬಂದರೆ ಒಣಗಿದ್ದೂ ಮತ್ತೆ ಸ್ವಲ್ಪ ನೀರು ಹೀರುತ್ತದೆ. ತೇವ ಅಳೆಯುವ ಮೀಟರ್ ಇಲ್ಲದಿದ್ದರೆ ಒಂದು ಸಣ್ಣ ಹಲಗೆಯನ್ನು ರಾಶಿಯ ನಡುವೆ ಇಟ್ಟು ತಿಂಗಳಿಗೊಮ್ಮೆ ಅಡಿಕೆ ತೂಗುವ ತಕ್ಕಡಿಯಲ್ಲಿ ತೂಗಿ, ಹಲಗೆಯ ಮೇಲೇ ಪೆನ್ಸಿಲ್‌ನಲ್ಲಿ ಬರೆದಿಡಿ. ಬೇಸಿಗೆಯಲ್ಲೂ ತೂಕ ಇಳಿಯುವುದು ನಿಂತರೆ ಆಯಿತು. ಆಮೇಲೆ ಒಂದು ತಿಂಗಳು ಮನೆಯ ಅಟ್ಟದಲ್ಲಿಟ್ಟು ಬಡಗಿಯನ್ನು ಕರೆಯಿರಿ. ಕೊಯ್ದ ದಿನ ಅರಿಶಿನದಂತಿದ್ದ ಬಣ್ಣ ಅಷ್ಟರಲ್ಲಿ ಕಂದಿರುತ್ತದೆ, ಉಜ್ಜುಗೊರಡು ಹಾಕಿದಾಗ ಮತ್ತೆ ಹಳದಿ ಕಾಣುತ್ತದೆ, ವರ್ಷಗಳು ಹೋದಂತೆ ಪಾಲಿಷ್ ಇಲ್ಲದೆಯೇ ಕಂದು ಬಣ್ಣಕ್ಕೆ ತಿರುಗುತ್ತದೆ.