ಹೊಸ ಪ್ರೊಸೆಸರ್‌ಗೆ ಕಡಿಮೆ ಬೆಲೆಯ ಮದರ್‌ಬೋರ್ಡ್: ಬಿಲ್ ಹಾಕಿಸುವ ಮುಂಚೆ ಇಷ್ಟು ನೋಡಿ

ವಿಂಡೋಸ್ 10ಕ್ಕೆ ಬರುತ್ತಿದ್ದ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಹಳೆಯ ಪ್ರೊಸೆಸರ್‌ಗಳಿಗೆ ವಿಂಡೋಸ್ 11 ಹೊಂದುವುದಿಲ್ಲ. ಹಾಗಾಗಿ ನನ್ನ ಸುತ್ತಮುತ್ತ ಬಹಳ ಜನ ಕ್ಯಾಬಿನೆಟ್ ಹಳೆಯದೇ ಇಟ್ಟುಕೊಂಡು ಒಳಗಿನ ಪ್ರೊಸೆಸರ್, ಮದರ್‌ಬೋರ್ಡ್ ಮಾತ್ರ ಬದಲಿಸುತ್ತಿದ್ದಾರೆ. ಪ್ರೊಸೆಸರ್ ಆರಿಸಲು ವಾರಗಟ್ಟಲೆ ವಿಡಿಯೊ ನೋಡುತ್ತಾರೆ. ಬೋರ್ಡ್ ವಿಷಯ ಬಂದಾಗ ಮಾತ್ರ ‘ಇದಕ್ಕೆ ಆಗುವಂಥದ್ದು, ಕಡಿಮೆ ರೇಟಿನದ್ದು ಕೊಡಿ’ ಎಂದು ಅಂಗಡಿಯವರ ಮೇಲೆ ಬಿಡುತ್ತಾರೆ. ಮನೆಯಲ್ಲಿ ಜೋಡಿಸಿ ಸ್ವಿಚ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ಪರದೆ ಕಪ್ಪಗೇ ಉಳಿಯುತ್ತದೆ. ಎಷ್ಟೋ ಸಲ ಯಾವುದೂ ಕೆಟ್ಟಿರುವುದಿಲ್ಲ. ಕಂಪ್ಯೂಟರ್ ಶುರುವಾಗುವಾಗ ಮೊದಲು ಓಡುವ, ಬೋರ್ಡಿನಲ್ಲೇ ಇರುವ ಪ್ರೋಗ್ರಾಂಗೆ ಬಯೋಸ್ ಎನ್ನುತ್ತಾರೆ. ಅದಕ್ಕೆ ಆ ಪ್ರೊಸೆಸರ್‌ನ ಗುರುತೇ ಇರುವುದಿಲ್ಲ, ಅಷ್ಟೇ.

ಮೊದಲು ಪ್ರೊಸೆಸರ್, ಅದೂ ಪೂರ್ತಿ ಹೆಸರು

ಇಂಟೆಲ್‌ನ ‘ಐ5’ ಅಂದರೆ ಸಾಲದು. ಐ5-12400 ಬೇರೆ, ಐ5-12400ಎಫ್ ಬೇರೆ. ಕೊನೆಯಲ್ಲಿ ಎಫ್ ಇದ್ದರೆ ಪರದೆಗೆ ಚಿತ್ರ ಕೊಡುವ ಗ್ರಾಫಿಕ್ಸ್ ಭಾಗ ಒಳಗೆ ಇಲ್ಲ. ಎಎಂಡಿಯ ರೈಜೆನ್ 5 5600ರಲ್ಲೂ ಇಲ್ಲ, 5600ಜಿಯಲ್ಲಿ ಇದೆ. ಗ್ರಾಫಿಕ್ಸ್ ಇಲ್ಲದ ಪ್ರೊಸೆಸರ್ ಕೂರಿಸಿದರೆ ಬೋರ್ಡಿನ ಎಚ್‌ಡಿಎಂಐ ಕಿಂಡಿಯಿಂದ ಏನೂ ಬರುವುದಿಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕಲೇಬೇಕು.

ಸಾಕೆಟ್ ಮತ್ತು ಚಿಪ್‌ಸೆಟ್

ಸಾಕೆಟ್ ಅಂದರೆ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ. ರೈಜೆನ್ 5000ವರೆಗಿನವು ಎಎಂ4, 7000 ಮತ್ತು ನಂತರದವು ಎಎಂ5. ಇಂಟೆಲ್‌ನ 12, 13, 14ನೇ ಜನರೇಷನ್‌ಗೆ ಎಲ್‌ಜಿಎ 1700. ಕೋರ್ ಅಲ್ಟ್ರಾ 200 ಸರಣಿಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಿಗೆ ಎಲ್‌ಜಿಎ 1851.

ಪ್ರೊಸೆಸರ್ ಸಾಕೆಟ್‌ನಲ್ಲಿ ಕೂತಿತು ಅಂದರೆ ಕೆಲಸ ಮಾಡುತ್ತದೆ ಎಂದಲ್ಲ. 6ರಿಂದ 9ನೇ ಜನರೇಷನ್‌ವರೆಗೆ ಇಂಟೆಲ್ ಸಾಕೆಟ್‌ನ ಹೆಸರು ಎಲ್‌ಜಿಎ 1151. ಆದರೆ 7ನೇ ಜನರೇಷನ್‌ನ ಬೋರ್ಡಿನಲ್ಲಿ 8ನೇ ಜನರೇಷನ್ ಪ್ರೊಸೆಸರ್ ನಡೆಯುವುದಿಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಎಡವುವುದು ಇಲ್ಲೇ.

ಚಿಪ್‌ಸೆಟ್ ಅಂದರೆ ಬೋರ್ಡಿನ ಉಳಿದ ಭಾಗಗಳನ್ನು ಪ್ರೊಸೆಸರ್‌ಗೆ ಜೋಡಿಸುವ ಚಿಪ್. ಅದರ ಬಗ್ಗೆ ನನ್ನ ಸಲಹೆ ನೇರ. ಎಎಂ4ಕ್ಕೆ ಬಿ550, ಎಎಂ5ಕ್ಕೆ ಬಿ650, ಎಲ್‌ಜಿಎ 1700ಕ್ಕೆ ಬಿ760. ಲೆಕ್ಕ ಬರೆಯಲು, ಆನ್‌ಲೈನ್ ಕ್ಲಾಸಿಗೆ, ಐ3 ಅಥವಾ ಕಡಿಮೆ ವ್ಯಾಟ್‌ನ ಐ5ಗೆ ಎಚ್610 ಸಾಕು. ಅದರಲ್ಲಿ ರ‍್ಯಾಮ್‌ಗೆ ಎರಡೇ ಸ್ಲಾಟ್ ಇರುತ್ತವೆ, ನೆನಪಿರಲಿ.

ಎಚ್61 ಚಿಪ್‌ಸೆಟ್‌ನ ‘ಹೊಸ’ ಬೋರ್ಡ್‌ಗಳು ಹೊಳೆಯುವ ಡಬ್ಬಿಯಲ್ಲಿ ಈಗಲೂ ಸಿಗುತ್ತವೆ. ಆ ಚಿಪ್‌ಸೆಟ್ 2011ರದ್ದು. ಹೊಸ ಪ್ರೊಸೆಸರ್ ಅದರಲ್ಲಿ ಕೂರುವುದೇ ಇಲ್ಲ. ಹೆಸರು ಗೊತ್ತಿಲ್ಲದ ಕಂಪನಿಯದ್ದಾದರೆ ಬಯೋಸ್ ಅಪ್‌ಡೇಟ್‌ನ ಆಸೆಯೂ ಬೇಡ. ಎಷ್ಟೇ ಅಗ್ಗವಾದರೂ ಮುಟ್ಟಬೇಡಿ.

ಎಲ್ಲರೂ ಸಿಕ್ಕಿಬೀಳುವ ಜಾಗ: ಬಯೋಸ್

ಬೋರ್ಡ್ ಕಾರ್ಖಾನೆಯಿಂದ ಹೊರಟ ದಿನ ಅದರಲ್ಲಿ ಯಾವ ಬಯೋಸ್ ಇತ್ತೋ, ಅಂಗಡಿಯ ಕಪಾಟಿನಲ್ಲಿ ಕೂತಿರುವಷ್ಟು ಕಾಲವೂ ಅದೇ ಇರುತ್ತದೆ. ಬಿ650 ಬೋರ್ಡ್‌ಗಳು ಬಂದದ್ದು 2022ರ ಅಕ್ಟೋಬರ್‌ನಲ್ಲಿ. ರೈಜೆನ್ 9000 ಬಂದದ್ದು 2024ರ ಆಗಸ್ಟ್‌ನಲ್ಲಿ. 2023ರಲ್ಲಿ ತಯಾರಾದ ಬೋರ್ಡಿಗೆ ಆ ಸರಣಿಯ 9600ಎಕ್ಸ್ ಅಂದರೆ ಏನೆಂದು ಹೇಗೆ ಗೊತ್ತಾಗಬೇಕು? ಬಿ660 ಬೋರ್ಡಿಗೆ 13ನೇ ಜನರೇಷನ್ ಹಾಕುವಾಗಲೂ, ಬಿ450 ಬೋರ್ಡಿಗೆ ರೈಜೆನ್ 5000 ಹಾಕುವಾಗಲೂ ಇದೇ ಕತೆ.

ಅಂಗಡಿಗೆ ಹೋಗುವ ಮುಂಚೆ ಬೋರ್ಡ್ ಕಂಪನಿಯ ವೆಬ್‌ಸೈಟ್ ತೆರೆಯಿರಿ. ನಿಮ್ಮ ಬೋರ್ಡಿನ ಹೆಸರು ಹುಡುಕಿ, ಸಪೋರ್ಟ್ ವಿಭಾಗದಲ್ಲಿರುವ ಸಿಪಿಯು ಪಟ್ಟಿಗೆ ಹೋಗಿ. ಪ್ರೊಸೆಸರ್ ಹೆಸರಿನ ಪಕ್ಕ ಒಂದು ಬಯೋಸ್ ನಂಬರ್ ಇರುತ್ತದೆ. ಆ ನಂಬರ್ ಅಥವಾ ಅದಕ್ಕಿಂತ ಹೊಸದು ಬೋರ್ಡಿನಲ್ಲಿ ಇರಬೇಕು. ಪ್ರೊಸೆಸರ್ ಪಟ್ಟಿಯಲ್ಲೇ ಇಲ್ಲವಾ? ಆ ಬೋರ್ಡ್ ಬಿಡಿ. ಮಾರುವವರು ‘ನಡೆಯತ್ತೆ ಸಾರ್’ ಎಂದರೂ ಬಿಡಿ.

ಬೋರ್ಡಿನ ಹೆಸರನ್ನು ಅಕ್ಷರ ಅಕ್ಷರ ಹೋಲಿಸಿ. ಒಂದು ಅಕ್ಷರ ಬದಲಾದರೆ ಬೋರ್ಡೇ ಬೇರೆ. ಗಿಗಾಬೈಟ್ ಬೋರ್ಡ್‌ಗಳಿಗೆ ರಿವಿಷನ್ ನಂಬರ್ ಕೂಡ ಇರುತ್ತದೆ. ಬೋರ್ಡಿನ ಅಂಚಿನಲ್ಲಿ ಮುದ್ರಿಸಿರುತ್ತಾರೆ. ಒಂದೊಂದು ರಿವಿಷನ್‌ಗೂ ಪಟ್ಟಿ ಬೇರೆ, ಬಯೋಸ್ ಫೈಲೂ ಬೇರೆ.

ಇನ್ನು ಡಬ್ಬಿಯೊಳಗಿನ ಬೋರ್ಡಿನಲ್ಲಿ ಯಾವ ಬಯೋಸ್ ಇದೆ ಎಂದು ತಿಳಿಯುವುದು ಹೇಗೆ? ಕೆಲವು ಡಬ್ಬಿಗಳ ಮೇಲೆ ‘ರೈಜೆನ್ 9000 ರೆಡಿ’ ಎಂಬಂಥ ಸ್ಟಿಕ್ಕರ್ ಇರುತ್ತದೆ. ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಡಬ್ಬಿಯ ಮೇಲಿನ ತಯಾರಿಕೆಯ ತಿಂಗಳು ನೋಡಿ. ಬೇಕಾದ ಬಯೋಸ್ ಯಾವಾಗ ಬಂತು ಎಂಬುದು ಕಂಪನಿಯ ಡೌನ್‌ಲೋಡ್ ಪುಟದಲ್ಲಿ ಇರುತ್ತದೆ. ಬೋರ್ಡ್ ಅದಕ್ಕಿಂತ ಮುಂಚಿನದಾದರೆ ಅಪ್‌ಡೇಟ್ ಮಾಡಿಸಲೇಬೇಕು.

ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ಕೊಳ್ಳುತ್ತಿದ್ದರೆ ಅಲ್ಲೇ ಅಪ್‌ಡೇಟ್ ಮಾಡಿಸಿ, ನಿಮ್ಮದೇ ಪ್ರೊಸೆಸರ್ ಕೂರಿಸಿ ಪರದೆ ಬರುವುದನ್ನು ಕಣ್ಣಾರೆ ನೋಡಿ. ಇದಕ್ಕೆ ಸ್ವಲ್ಪ ದುಡ್ಡು ಕೇಳಿದರೂ ಕೊಡಿ. ಆನ್‌ಲೈನ್‌ನಲ್ಲಿ ತರಿಸುವವರಿಗೆ ಆ ಅನುಕೂಲ ಇಲ್ಲ. ಅಂಥವರು ಪ್ರೊಸೆಸರ್ ಇಲ್ಲದೆಯೇ ಬಯೋಸ್ ಬದಲಿಸುವ ಗುಂಡಿ ಇರುವ ಬೋರ್ಡನ್ನೇ ಕೊಳ್ಳಬೇಕು. ಅಸೂಸ್ ಅದನ್ನು ಬಯೋಸ್ ಫ್ಲ್ಯಾಶ್‌ಬ್ಯಾಕ್ ಎನ್ನುತ್ತದೆ, ಗಿಗಾಬೈಟ್ ಕ್ಯೂ-ಫ್ಲ್ಯಾಶ್ ಪ್ಲಸ್, ಎಂಎಸ್‌ಐ ಫ್ಲ್ಯಾಶ್ ಬಯೋಸ್ ಬಟನ್. ಅಗ್ಗದ ಬೋರ್ಡ್‌ಗಳೆಲ್ಲದರಲ್ಲೂ ಇದು ಇರುತ್ತದೆ ಎಂದಲ್ಲ. ಇದಕ್ಕಾಗಿ ಕೆಲವು ನೂರು ರೂಪಾಯಿ ಜಾಸ್ತಿಯಾದರೆ ಯೋಚಿಸಬೇಡಿ.

ಆ ಗುಂಡಿ ಬಳಸುವ ಕ್ರಮ ಹೀಗಿದೆ. ಪೆನ್‌ಡ್ರೈವ್ ಅನ್ನು ಫ್ಯಾಟ್32 ಆಗಿ ಫಾರ್ಮ್ಯಾಟ್ ಮಾಡಿ. ಡೌನ್‌ಲೋಡ್ ಮಾಡಿದ ಜಿಪ್ ಬಿಚ್ಚಿ, ಬಯೋಸ್ ಫೈಲಿನ ಹೆಸರನ್ನು ಕಂಪನಿ ಹೇಳಿದಂತೆ ಇಂಗ್ಲಿಷ್ ಅಕ್ಷರಗಳಲ್ಲಿ ಬದಲಿಸಿ. ಎಂಎಸ್‌ಐ ಆದರೆ ‘MSI.ROM’, ಗಿಗಾಬೈಟ್ ಆದರೆ ‘GIGABYTE.bin’. ಅಸೂಸ್ ಫೈಲಿನ ಜೊತೆ ಹೆಸರು ಬದಲಿಸುವ ಪುಟ್ಟ ಪ್ರೋಗ್ರಾಂ ಬರುತ್ತದೆ. ಬಹಳ ಜನ ಹೆಸರು ಬದಲಿಸುವುದನ್ನೇ ಮರೆತು ‘ಗುಂಡಿ ಕೆಲಸ ಮಾಡ್ತಿಲ್ಲ’ ಎನ್ನುತ್ತಾರೆ. ಕಂಪ್ಯೂಟರ್‌ಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್‌ನ 24 ಪಿನ್ನಿನ ಕೇಬಲ್ ಮತ್ತು ಪ್ರೊಸೆಸರ್‌ನ 8 ಪಿನ್ನಿನ ಕೇಬಲ್ ಎರಡನ್ನೂ ಚುಚ್ಚಿ. ಪೆನ್‌ಡ್ರೈವ್ ಅನ್ನು ಹಿಂಬದಿಯಲ್ಲಿ ಗುರುತು ಹಾಕಿದ ಯುಎಸ್‌ಬಿ ಕಿಂಡಿಗೇ ಹಾಕಬೇಕು, ಬೇರೆಯದಕ್ಕಲ್ಲ. ಗುಂಡಿ ಒತ್ತಿದರೆ ಪಕ್ಕದ ಲೈಟು ಮಿನುಗುತ್ತದೆ. ಅದು ನಿಲ್ಲಲು ಕೆಲವು ನಿಮಿಷ ಬೇಕು. ಅಲ್ಲಿಯವರೆಗೆ ಏನನ್ನೂ ಮುಟ್ಟಬೇಡಿ. ಮಧ್ಯದಲ್ಲಿ ಕರೆಂಟ್ ಹೋದರೆ ಬಯೋಸ್ ಅರ್ಧಂಬರ್ಧ ಆಗುತ್ತದೆ. ಯುಪಿಎಸ್ ಇರಲಿ. ಇಲ್ಲದಿದ್ದರೆ ಗುಡುಗು ಮಳೆಯ ಸಂಜೆ ಈ ಕೆಲಸಕ್ಕೆ ಕೂರಬೇಡಿ.

13, 14ನೇ ಜನರೇಷನ್‌ನ ಐ7, ಐ9 ಕೊಳ್ಳುವವರಿಗೆ ಇನ್ನೊಂದು ಮಾತು. ಪರದೆ ಬಂದರೂ ಹೊಸ ಬಯೋಸ್ ಹಾಕಿ. ವೋಲ್ಟೇಜ್ ಹೆಚ್ಚಾಗಿ ಪ್ರೊಸೆಸರ್ ಹಾಳಾಗುವುದನ್ನು ತಡೆಯಲು ಇಂಟೆಲ್ 2024ರಲ್ಲಿ ಕೊಟ್ಟ ತಿದ್ದುಪಡಿ ಅದರ ಮೂಲಕವೇ ಬರುತ್ತದೆ.

ವ್ಯಾಟ್ ಲೆಕ್ಕ

ಡಬ್ಬಿಯ ಮೇಲಿನ 65 ವ್ಯಾಟ್ ನಂಬಿ ಬೋರ್ಡ್ ಆರಿಸಬೇಡಿ. ಐ5-12400 ಜೋರಾಗಿ ಓಡುವಾಗ 117 ವ್ಯಾಟ್‌ವರೆಗೆ ಎಳೆಯಬಲ್ಲದು, ಐ7-12700 ಆದರೆ 180. ಸಾಕೆಟ್ ಪಕ್ಕದಲ್ಲಿ ಪ್ರೊಸೆಸರ್‌ಗೆ ಕರೆಂಟ್ ಹದಮಾಡಿ ಕೊಡುವ ವಿಆರ್‌ಎಂ ಭಾಗ ಇಷ್ಟನ್ನೂ ತಡೆದುಕೊಳ್ಳಬೇಕು. ಅದರ ಮೇಲೆ ಲೋಹದ ಹೀಟ್‌ಸಿಂಕ್ ಇಲ್ಲದ ಬೋರ್ಡಿಗೆ ಐ7 ಹಾಕಲೇಬೇಡಿ. ಬೋರ್ಡ್ ಕಾದು ಪ್ರೊಸೆಸರ್ ವೇಗ ಇಳಿಯುತ್ತದೆ, ಕೊಟ್ಟ ದುಡ್ಡು ಸುಮ್ನೆ ಹೋಗುತ್ತದೆ. ಎಎಂ5ರ ಎ620 ಬೋರ್ಡ್‌ಗಳಲ್ಲಿ ಕೆಲವಕ್ಕೆ ಹೆಚ್ಚು ವ್ಯಾಟ್‌ನ ರೈಜೆನ್‌ಗಳ ಬೆಂಬಲವೇ ಇಲ್ಲ. ಅದಕ್ಕೂ ಸಿಪಿಯು ಪಟ್ಟಿಯೇ ಗತಿ.

ರ‍್ಯಾಮ್, ಪಿನ್, ಮೊದಲ ಸ್ಟಾರ್ಟ್

ಎಎಂ4ಕ್ಕೆ ಡಿಡಿಆರ್4, ಎಎಂ5 ಮತ್ತು ಎಲ್‌ಜಿಎ 1851ಕ್ಕೆ ಡಿಡಿಆರ್5. ಎಲ್‌ಜಿಎ 1700ರಲ್ಲಿ ಎರಡೂ ಬಗೆಯ ಬೋರ್ಡ್ ಇವೆ. ಹಳೆಯ ಡಿಡಿಆರ್4 ರ‍್ಯಾಮ್ ಕೈಯಲ್ಲಿದ್ದರೆ ಅದಕ್ಕೆ ಹೊಂದುವ ಬೋರ್ಡನ್ನೇ ಆರಿಸಿ, ಉಳಿತಾಯ ದೊಡ್ಡದು.

ಎಎಂ5 ಮತ್ತು ಈ ಇಂಟೆಲ್ ಸಾಕೆಟ್‌ಗಳಲ್ಲಿ ಪಿನ್ನುಗಳು ಬೋರ್ಡಿನಲ್ಲೇ ಇರುತ್ತವೆ. ಅಂಗಡಿಯಲ್ಲೇ ಪ್ಲಾಸ್ಟಿಕ್ ಮುಚ್ಚಳ ತೆಗೆಸಿ, ಮೊಬೈಲ್ ಟಾರ್ಚ್ ಹಾಕಿ ಓರೆಯಾಗಿ ನೋಡಿ. ಒಂದು ಪಿನ್ ಬಾಗಿದ್ದರೂ ಬೇರೆ ಕೇಳಿ. ಮನೆಗೆ ಬಂದಮೇಲೆ ಕಂಡರೆ ವಾರಂಟಿಯಲ್ಲಿ ಸಾಮಾನ್ಯವಾಗಿ ಒಪ್ಪುವುದಿಲ್ಲ. ಆ ಮುಚ್ಚಳ ಮತ್ತು ಜಿಎಸ್‌ಟಿ ಬಿಲ್ ಎರಡನ್ನೂ ಡಬ್ಬಿಯಲ್ಲೇ ಇಡಿ.

ಎಎಂ5 ಬೋರ್ಡ್ ಮೊದಲ ಸಲ ಆನ್ ಮಾಡಿದಾಗ ರ‍್ಯಾಮ್ ಹೊಂದಿಸಿಕೊಳ್ಳಲು ಕೆಲವು ನಿಮಿಷ ತೆಗೆದುಕೊಳ್ಳಬಹುದು. ಪರದೆ ಅಷ್ಟೂ ಹೊತ್ತು ಕಪ್ಪಗಿರುತ್ತದೆ. ಗಾಬರಿಯಾಗಿ ಆಫ್ ಮಾಡಿದರೆ ಮತ್ತೆ ಮೊದಲಿಂದ ಶುರು. ಹತ್ತು ನಿಮಿಷ ಕಾಯಿರಿ. ಪರದೆ ಬಂದಮೇಲೆ ಬಯೋಸ್‌ಗೆ ಹೋಗಿ ರ‍್ಯಾಮ್ ಅನ್ನು ಅದರ ಪೂರ್ತಿ ವೇಗದಲ್ಲಿ ಓಡಿಸುವ ಎಕ್ಸ್‌ಪೊ ಆನ್ ಮಾಡಿ, ಇಂಟೆಲ್ ಬೋರ್ಡ್ ಆದರೆ ಎಕ್ಸ್‌ಎಂಪಿ. ಇದನ್ನು ಬಿಟ್ಟರೆ 6000 ವೇಗದ ರ‍್ಯಾಮ್ 4800ರಲ್ಲೇ ಓಡುತ್ತಿರಬಹುದು. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಮೆಮೊರಿ ಮೇಲೆ ಒತ್ತಿದರೆ ಈಗಿನ ವೇಗ ಕಾಣುತ್ತದೆ.