ರಿಫಾಂಪಿಸಿನ್ ಜೊತೆ ಆರು ತಿಂಗಳು: ಮಧುಮೇಹಿಯೊಬ್ಬನ ಅನುಭವ

ರೋಗಾಣುವಿನ ಜೀನನ್ನು ಹುಡುಕುವ ಸಿಬಿನ್ಯಾಟ್ ಎಂಬ ಕಫದ ಪರೀಕ್ಷೆಯಲ್ಲಿ ನನಗೆ ಕ್ಷಯರೋಗ ಖಚಿತವಾಯಿತು. ರೋಗಾಣುವು ಕ್ಷಯದ ಮುಖ್ಯ ಔಷಧವಾದ ರಿಫಾಂಪಿಸಿನ್‌ಗೆ ಬಗ್ಗುವಂಥದ್ದೆಂಬುದೂ ಅದೇ ವರದಿಯಿಂದ ತಿಳಿಯಿತು. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಆರು ತಿಂಗಳ ಚಿಕಿತ್ಸೆ ಆರಂಭವಾಯಿತು. ಮೊದಲ ಎರಡು ತಿಂಗಳು ರಿಫಾಂಪಿಸಿನ್, ಐಸೋನಿಯಾಜಿಡ್, ಪೈರಾಜಿನಮೈಡ್, ಎಥಾಂಬುಟಾಲ್ ನಾಲ್ಕೂ ಒಂದೇ ಮಾತ್ರೆಯಲ್ಲಿ ಸೇರಿರುತ್ತವೆ. ಅನಂತರ ಪೈರಾಜಿನಮೈಡ್ ಬಿಟ್ಟುಹೋಗುತ್ತದೆ. ದಿನಕ್ಕೆ ಎಷ್ಟು ಮಾತ್ರೆ ಎಂಬುದು ದೇಹತೂಕದ ಲೆಕ್ಕ. ನಾನು 50ರಿಂದ 64 ಕಿಲೋ ವರ್ಗದಲ್ಲಿದ್ದುದರಿಂದ ನನಗೆ ನಾಲ್ಕು ಮಾತ್ರೆಗಳನ್ನು ಬರೆದರು.

ಊಟದೊಂದಿಗೆ ತೆಗೆದುಕೊಂಡರೆ ರಿಫಾಂಪಿಸಿನ್ ರಕ್ತಕ್ಕೆ ಸೇರುವ ಪ್ರಮಾಣ ತಗ್ಗುತ್ತದೆ. ಆದ್ದರಿಂದ ಬೆಳಿಗ್ಗೆ ಎದ್ದೊಡನೆ ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ನೀರಿನೊಂದಿಗೆ ನಾಲ್ಕನ್ನೂ ಒಟ್ಟಿಗೆ ನುಂಗಿ, ಒಂದು ಗಂಟೆ ಬಿಟ್ಟು ತಿಂಡಿ ತಿನ್ನುತ್ತಿದ್ದೆ. ಹೊಟ್ಟೆಯುರಿಗೆಂದು ಆಂಟಾಸಿಡ್ ಬೇಕಾದಾಗ ವೈದ್ಯರ ಸೂಚನೆಯಂತೆ ಮಾತ್ರೆಯಿಂದ ದೂರದ ಹೊತ್ತಿನಲ್ಲಿ ಕುಡಿಯುತ್ತಿದ್ದೆ.

ನನ್ನ ಮಟ್ಟಿಗೆ ಅತಿ ಮುಖ್ಯವಾದದ್ದು ಸಕ್ಕರೆ ಕಾಯಿಲೆಯ ವಿಚಾರ. ರಿಫಾಂಪಿಸಿನ್ ಯಕೃತ್ತಿನ ಕೆಲವು ಕಿಣ್ವಗಳನ್ನು ಚುರುಕುಗೊಳಿಸುವುದರಿಂದ ಬೇರೆ ಅನೇಕ ಔಷಧಗಳು ಬೇಗ ಕರಗಿ ಬಲ ಕಳೆದುಕೊಳ್ಳುತ್ತವೆ. ಸಕ್ಕರೆ ಇಳಿಸಲೆಂದು ನಾನು ನುಂಗುತ್ತಿದ್ದ ಗ್ಲಿಮೆಪಿರೈಡ್ ಮಾತ್ರೆ ಅಂಥದ್ದೇ ಒಂದು. ಮೊದಲ ಭೇಟಿಯಲ್ಲೇ ನನ್ನ ಹಳೆಯ ಚೀಟಿಗಳನ್ನೆಲ್ಲ ವೈದ್ಯರ ಮುಂದಿಟ್ಟಿದ್ದರಿಂದ ಅವರು ಸಕ್ಕರೆಯ ಮಟ್ಟವನ್ನು ಮತ್ತೆ ಮತ್ತೆ ನೋಡಿಸಿ, ಅದು ಏರತೊಡಗಿದಾಗ ಇನ್ಸುಲಿನ್‌ಗೆ ಬದಲಿಸಿದರು. ಇನ್ಸುಲಿನ್ ಅನ್ನು ಟಿಬಿ ಮಾತ್ರೆಯ ಹೊತ್ತಿಗಲ್ಲದೆ ತಿಂಡಿಯ ಹೊತ್ತಿಗೆ ಹೊಂದಿಸಿಕೊಳ್ಳುವಂತೆಯೂ ಹೇಳಿದರು. ಗರ್ಭನಿರೋಧಕ ಮಾತ್ರೆ, ರಕ್ತ ತೆಳುವಾಗಿಸುವ ವಾರ್ಫರಿನ್, ಎಚ್‌ಐವಿಯ ಕೆಲವು ಔಷಧಗಳು, ಸ್ಟೀರಾಯ್ಡ್ ಇವನ್ನು ತೆಗೆದುಕೊಳ್ಳುವವರೂ ಇದನ್ನು ಮೊದಲೇ ತಿಳಿಸಲೇಬೇಕು. ಐಸೋನಿಯಾಜಿಡ್‌ನಿಂದ ಪಾದದಲ್ಲಿ ಜೋಮು ಬರಬಹುದು. ಮಧುಮೇಹಿಗಳಿಗೆ ಈ ಅಪಾಯ ಹೆಚ್ಚು. ಅದಕ್ಕಾಗಿ ಕೊಟ್ಟ ಪಿರಿಡಾಕ್ಸಿನ್ ಮಾತ್ರೆಯನ್ನು ಒಂದು ವಿಟಮಿನ್ ತಾನೇ ಎಂದು ಬಿಡಬಾರದು.

“ಮೂತ್ರ ಕೆಂಪಗೆ ಹೋದರೆ ಹೆದರಬೇಡಿ ಸರ್, ಅದು ಮಾತ್ರೆಯ ಬಣ್ಣ” ಎಂದು ಆಶಾ ಕಾರ್ಯಕರ್ತೆ ಮೊದಲೇ ಎಚ್ಚರಿಸಿದ್ದರು. ಹಾಗೆಯೇ ಆಯಿತು, ಬೆಳಿಗ್ಗೆ ಕಿತ್ತಳೆಗೆಂಪಾಗಿರುತ್ತಿದ್ದ ಮೂತ್ರ ಸಂಜೆಯ ಹೊತ್ತಿಗೆ ತಿಳಿಯಾಗುತ್ತಿತ್ತು. ಕಾಮಾಲೆಯಲ್ಲೂ ಮೂತ್ರದ ಬಣ್ಣ ಗಾಢವಾಗುವುದರಿಂದ ಬಣ್ಣವೊಂದನ್ನೇ ನೆಚ್ಚದೆ, ಹಗಲು ಬೆಳಕಿನಲ್ಲಿ ಕನ್ನಡಿಯ ಮುಂದೆ ನಿಂತು ಕಣ್ಣಿನ ಬಿಳಿಭಾಗ ಹಳದಿಯಾಗಿದೆಯೇ ಎಂದು ನೋಡಿಕೊಳ್ಳುತ್ತಿದ್ದೆ. ಹಳದಿ ಬಣ್ಣ, ನಿಲ್ಲದ ವಾಂತಿ, ಪೂರಾ ಹಸಿವಿಲ್ಲದಿರುವಿಕೆ, ಬಲ ಪಕ್ಕೆಯ ಕೆಳಗೆ ನೋವು ಇವುಗಳಲ್ಲಿ ಯಾವುದು ಕಂಡರೂ ಮುಂದಿನ ಮಾತ್ರೆ ನುಂಗದೆ ಅಂದೇ ವೈದ್ಯರ ಬಳಿ ಹೋಗಬೇಕು. ಎಥಾಂಬುಟಾಲ್ ದೃಷ್ಟಿಯನ್ನು, ಅದರಲ್ಲೂ ಕೆಂಪು-ಹಸಿರು ಬಣ್ಣಗಳ ಗುರುತನ್ನು ಕೆಡಿಸಬಲ್ಲದಾದ್ದರಿಂದ ಗೋಡೆಯ ಕ್ಯಾಲೆಂಡರಿನ ಕೆಂಪು ತಾರೀಖುಗಳನ್ನು ಒಂದೊಂದೇ ಕಣ್ಣು ಮುಚ್ಚಿ ಓದಿ ನೋಡುವುದನ್ನೂ ರೂಢಿ ಮಾಡಿಕೊಂಡಿದ್ದೆ. ಮದ್ಯವನ್ನಂತೂ ಮುಟ್ಟಲೇಬಾರದು, ಯಕೃತ್ತಿಗೆ ಒಳ್ಳೆಯದೆಂದು ನೆಂಟರು ತಂದುಕೊಟ್ಟ ನಾಟಿ ಔಷಧವನ್ನೂ ನಾನು ಸೇವಿಸಲಿಲ್ಲ, ಏಕೆಂದರೆ ಅದರಲ್ಲೇನಿದೆಯೆಂದು ಯಾರಿಗೂ ಗೊತ್ತಿರಲಿಲ್ಲ.

ಕೆಲವು ವಾರಗಳಲ್ಲೇ ಕೆಮ್ಮು ಹೋಗಿ, ಬಟ್ಟೆ ಬಿಗಿಯಾಗುವಷ್ಟು ಮೈ ತುಂಬಿಕೊಂಡಿತು. ಬಹಳ ಮಂದಿ ಮಾತ್ರೆ ಬಿಡುವುದು ಈ ಹಂತದಲ್ಲೇ. ಆದರೆ ನಿಧಾನವಾಗಿ ಬೆಳೆಯುವ, ಬಹುಮಟ್ಟಿಗೆ ಮಲಗಿರುವ ರೋಗಾಣುಗಳು ಆಗಲೂ ಒಳಗೇ ಉಳಿದಿರುತ್ತವೆ, ಅವುಗಳನ್ನು ಕೊಲ್ಲಲೆಂದೇ ಉಳಿದ ತಿಂಗಳುಗಳು. ನಡುವೆ ಬಿಟ್ಟರೆ ರಿಫಾಂಪಿಸಿನ್‌ಗೂ ಬಗ್ಗದ ಕ್ಷಯ ತಲೆಯೆತ್ತಬಹುದು. ಬೆಳಿಗ್ಗೆ ತಪ್ಪಿದ ಮಾತ್ರೆಯನ್ನು ಅದೇ ದಿನ ನೆನಪಾದಾಗ ತೆಗೆದುಕೊಳ್ಳಬಹುದು, ಮರುದಿನ ಎರಡು ಪಾಲು ನುಂಗುವಂತಿಲ್ಲ.

ಕೊನೆಯ ಮಾತ್ರೆ ಮುಗಿದ ಮೇಲೂ ಒಂದು ಎಚ್ಚರ ಬೇಕಾಯಿತು. ರಿಫಾಂಪಿಸಿನ್ ನಿಂತು ಸುಮಾರು ಎರಡು ವಾರಗಳಲ್ಲಿ ಯಕೃತ್ತಿನ ಕಿಣ್ವಗಳು ಮೊದಲಿನ ಸ್ಥಿತಿಗೆ ಮರಳುತ್ತವೆ, ಆ ಹೊತ್ತಿನಲ್ಲಿ ಸಕ್ಕರೆಯೂ ಕುಸಿಯುವ ಸಂಭವವಿರುತ್ತದೆ. ಹಾಗಾಗಿ ವೈದ್ಯರು ನನ್ನ ಇನ್ಸುಲಿನ್ ಅಳತೆಯನ್ನು ಹಂತಹಂತವಾಗಿ ಇಳಿಸಿದರು.