ಸೈನೈಡ್ ಗುಡ್ಡದ ಪಕ್ಕದ ನೀರು: ಸ್ಯಾಂಪಲ್ ತರುವಾಗ ನಾನು ಏನೇನು ನೋಡುತ್ತೇನೆ

ಬೆಂಗಳೂರಿನ ಲ್ಯಾಬ್ ಒಂದರಲ್ಲಿ ನೀರು ಪರೀಕ್ಷೆ ಮಾಡುವುದು ನನ್ನ ಕೆಲಸ. ಕೆಜಿಎಫ್ ಗಣಿ 2001ರಲ್ಲಿ ಮುಚ್ಚಿತು. ಆದರೆ ಅದಿರು ಅರೆದು, ಸೈನೈಡ್ ಬಳಸಿ ಚಿನ್ನ ತೆಗೆದ ಮೇಲೆ ಉಳಿದ ಪುಡಿ ಇನ್ನೂ ಅಲ್ಲೇ ಗುಡ್ಡೆಯಾಗಿ ಬಿದ್ದಿದೆ. ಜನ ಅದನ್ನು ಸೈನೈಡ್ ಗುಡ್ಡ ಅಂತಲೇ ಕರೆಯುತ್ತಾರೆ. ಅದರ ಸುತ್ತಲಿನ ಬೋರ್‌ವೆಲ್, ಬಾವಿ, ಕೆರೆಯ ನೀರು ತರಲು ನಾನೇ ಹೋಗುತ್ತೇನೆ. ಯಾರಿಂದಲೋ ಸುಮ್ನೆ ಬಾಟಲಿ ತುಂಬಿಸಿ ತರಿಸಿದರೆ ಆಗುವುದಿಲ್ಲ.

ಮೊದಲು ಪಂಪ್ ಓಡಿಸಿ ಕಾಯುತ್ತೇನೆ. ಪೈಪಿನಲ್ಲಿ ನಿಂತಿದ್ದ ನೀರು ಹೋಗಿ, ಇಸಿ (ನೀರಿನಲ್ಲಿ ಕರಗಿದ ಲವಣ ಎಷ್ಟಿದೆ ಎಂದು ತೋರಿಸುವ ವಿದ್ಯುತ್ ವಾಹಕತೆ) ಮೀಟರ್ ರೀಡಿಂಗ್ ಒಂದೇ ಕಡೆ ನಿಲ್ಲಬೇಕು. ಪಿಎಚ್ (ನೀರು ಆಮ್ಲೀಯವೋ ಕ್ಷಾರೀಯವೋ ಎಂಬ ಅಳತೆ) ಕೂಡ ಅಲ್ಲೇ ನೋಡುತ್ತೇನೆ, ದಾರಿಯಲ್ಲಿ ಅದು ಬದಲಾಗುತ್ತದೆ.

ಬಾಟಲಿಗಳ ವಿಷಯದಲ್ಲಿ ಜಾಸ್ತಿ ಎಚ್ಚರ ಬೇಕು. ಆರ್ಸೆನಿಕ್ ಎಂಬ ವಿಷವಸ್ತು ಮತ್ತು ಲೋಹಗಳ ಪರೀಕ್ಷೆಗೆ ತರುವ ನೀರನ್ನು 0.45 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ, ಪಿಎಚ್ 2ಕ್ಕಿಂತ ಕೆಳಗೆ ಬರುವಷ್ಟು ನೈಟ್ರಿಕ್ ಆಸಿಡ್ ಹಾಕುತ್ತೇನೆ. ಹಾಕದಿದ್ದರೆ ಲೋಹ ಬಾಟಲಿಗೇ ಅಂಟಿಕೊಂಡು, ರಿಪೋರ್ಟ್‌ನಲ್ಲಿ ಕಡಿಮೆ ಕಾಣುತ್ತದೆ. ಸೈನೈಡ್ ಬಾಟಲಿಗೆ ಇದರ ತದ್ವಿರುದ್ಧ: ಕಾಸ್ಟಿಕ್ ಸೋಡಾ ಹಾಕಿ ಪಿಎಚ್ 12 ದಾಟಿಸಬೇಕು, ಬಿಸಿಲು ತಾಗಬಾರದು, ಐಸ್ ಪೆಟ್ಟಿಗೆಯಲ್ಲೇ ಬೆಂಗಳೂರಿಗೆ ಬರಬೇಕು. ಅದಕ್ಕೆ ಆಸಿಡ್ ಬಿದ್ದರೆ ಸೈನೈಡ್ ವಿಷದ ಗಾಳಿಯಾಗಿ ಹಾರಿಹೋಗುತ್ತದೆ. ರಿಪೋರ್ಟ್ ಸುಳ್ಳಾಗುತ್ತದೆ, ಉಸಿರಾಡಿದವರಿಗೂ ಅಪಾಯ. ಹಾಗಾಗಿ ಎರಡಕ್ಕೂ ಬೇರೆ ಬೇರೆ ಬಣ್ಣದ ಮುಚ್ಚಳ.

ಗುಡ್ಡದಿಂದ ದೂರ, ಮೇಲ್ಭಾಗದಲ್ಲಿರುವ ಒಂದು ಬಾವಿಯ ನೀರನ್ನೂ ತಪ್ಪದೆ ತರುತ್ತೇನೆ. ಕೋಲಾರ ಜಿಲ್ಲೆಯಲ್ಲಿ ಗಣಿಯೇ ಇಲ್ಲದ ಊರುಗಳ ಬೋರ್‌ವೆಲ್‌ನಲ್ಲೂ ಫ್ಲೋರೈಡ್ ಇದೆ. ಹೋಲಿಸದೆ ಎಲ್ಲವನ್ನೂ ಗುಡ್ಡದ ತಲೆಗೆ ಕಟ್ಟುವುದು ಸರಿಯಲ್ಲ, ಅಲ್ವಾ? ಬೇಸಿಗೆಯಲ್ಲಿ ಒಮ್ಮೆ, ಜೋರು ಮಳೆ ಬಿದ್ದ ಮೇಲೆ ಮತ್ತೊಮ್ಮೆ ನೋಡಲೇಬೇಕು.

"ಸೈನೈಡ್ ಇಲ್ಲ ಅಂದ್ರಲ್ಲ ಮೇಡಂ, ಇನ್ನೇನು ಭಯ?" ಎಂದು ಜನ ಕೇಳುತ್ತಾರೆ. ಬಿಸಿಲು, ಗಾಳಿಗೆ ಸೈನೈಡ್ ಕಾಲಕ್ರಮೇಣ ಒಡೆಯುತ್ತದೆ. ಆರ್ಸೆನಿಕ್ ಹಾಗಲ್ಲ, ಅದು ಒಡೆದು ಇಲ್ಲವಾಗುವ ವಸ್ತುವೇ ಅಲ್ಲ. ಚಿನ್ನದ ಅದಿರಿನ ಜೊತೆ ಗಂಧಕ, ಆರ್ಸೆನಿಕ್ ಇರುವ ಖನಿಜಗಳೂ ಬರುತ್ತವೆ. ಪುಡಿಯಾದ ಮೇಲೆ ಅವಕ್ಕೆ ಗಾಳಿ, ಮಳೆ ಸುಲಭವಾಗಿ ತಾಗುತ್ತದೆ. ಆಗ ಗಂಧಕ ಸಲ್ಫೇಟ್ ಆಗಿ ನೀರಿಗೆ ಇಳಿಯುತ್ತದೆ, ಜೊತೆಗೆ ಆರ್ಸೆನಿಕ್ ಕೂಡ ಇಳಿಯಬಹುದು. ಅದಕ್ಕೇ ಸಲ್ಫೇಟ್ ಮತ್ತು ಇಸಿ ವರ್ಷದಿಂದ ವರ್ಷಕ್ಕೆ ಏರುತ್ತಿದೆಯಾ ಎಂದು ಗಮನಿಸುತ್ತೇನೆ.

ಕುಡಿಯುವ ನೀರಿನ ಭಾರತೀಯ ಮಾನದಂಡವಾದ ಐಎಸ್ 10500 ಪ್ರಕಾರ ಲೀಟರ್‌ಗೆ ಸೈನೈಡ್ ಮಿತಿ 0.05 ಮಿಲಿಗ್ರಾಂ, ಆರ್ಸೆನಿಕ್ ಮಿತಿ 0.01. ರಿಪೋರ್ಟನ್ನು ಬಾವಿಯ ಮನೆಯವರಿಗೆ ಕನ್ನಡದಲ್ಲೇ ಬರೆದು ಕೊಡುತ್ತೇನೆ. ಆರ್ಸೆನಿಕ್ ಜಾಸ್ತಿ ಇದ್ದರೆ ಒಂದು ಸಾಲು ದಪ್ಪಕ್ಷರದಲ್ಲಿರುತ್ತದೆ: ಈ ನೀರನ್ನು ಕಾಯಿಸಿಯೂ ಕುಡಿಯಬೇಡಿ. ಕಾಯಿಸಿದರೆ ನೀರು ಆವಿಯಾಗುತ್ತದೆ, ಆರ್ಸೆನಿಕ್ ಪಾತ್ರೆಯಲ್ಲೇ ಉಳಿಯುತ್ತದೆ.